ಹೊಸ ಕಬ್ಬಿನ ಗಾಣವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ಕ್ರಮ

ಕಬ್ಬು ಬೆಳೆಯುವ ಸೀಮೆಗಳಲ್ಲಿ ಆಲೆಮನೆಗೆ ಹೊಸ ಗಾಣವು ಬಂದ ದಿವಸ ಒಂದು ಸಣ್ಣ ಹಬ್ಬವೇ ನಡೆಯುವುದು ವಾಡಿಕೆಯಾಗಿದೆ. ಯಂತ್ರಕ್ಕೆ ಅರಿಶಿನ ಕುಂಕುಮಗಳನ್ನು ಹಚ್ಚಿ, ತೆಂಗಿನಕಾಯಿ ಒಡೆದು, ಮನೆಯ ಹಿರಿಯರು ಮೊದಲನೆಯ ಜಲ್ಲೆಯನ್ನು ಉರುಳೆಗಳಿಗೆ ಕೊಡುವರು. ರಸವು ಧಾರೆಯಾಗಿ ಸುರಿಯುವುದನ್ನು ಕಂಡು ನೆರೆದವರೆಲ್ಲರೂ ಸಂತೋಷಪಡುವರು. ಒಂದೊಂದು ಲೋಟ ಕುಡಿದೂ ನೋಡುವರು. ಆ ಸಂತೋಷದ ನಡುವೆಯೇ, ಯಂತ್ರವನ್ನು ನಿಲ್ಲಿಸಿಕೊಡಲು ಬಂದ ಮೇಸ್ತ್ರಿಯು ಒಂದು ಕಾಗದವನ್ನು ಮುಂದಕ್ಕೆ ನೀಡಿ, 'ಯಂತ್ರವು ಸರಿಯಾಗಿ ನಡೆಯುತ್ತದೆ' ಎಂಬ ಒಕ್ಕಣೆಯ ಕೆಳಗೆ ಯಜಮಾನನ ರುಜು ಹಾಕಿಸಿಕೊಂಡು, ಬಾಕಿ ಹಣವನ್ನೂ ಪಡೆದು, ಸಂಜೆಯ ಬಸ್ಸಿಗೆ ಹೊರಟುಹೋಗುವನು.

ಇದರಲ್ಲಿ ಮೇಸ್ತ್ರಿಯ ಮೋಸವೇನೂ ಇಲ್ಲ. ಗಾಣವು ತಿರುಗಿತು, ರಸವು ಬಂದಿತು. ಆತನು ಬರೆಸಿಕೊಂಡದ್ದೂ ಅಷ್ಟೇ. ಆದರೆ ಕಬ್ಬನ್ನು ಎರಡು ಕಬ್ಬಿಣದ ಉರುಳೆಗಳ ನಡುವೆ ಒತ್ತಿದರೆ ಎಂಥ ಕೆಟ್ಟ ಗಾಣದಲ್ಲಿಯೂ ರಸವು ಬಂದೇ ಬರುತ್ತದೆ. ಬರತಕ್ಕ ರಸದಲ್ಲಿ ಎಷ್ಟು ಪಾಲು ಬಂದಿತು, ಎಷ್ಟು ಹೊತ್ತಿನಲ್ಲಿ ಬಂದಿತು, ಎಷ್ಟು ವಿದ್ಯುಚ್ಛಕ್ತಿಯು ವೆಚ್ಚವಾಯಿತು ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯಲಾಗದು. ಅದಕ್ಕೆ ತಕ್ಕಡಿ, ಗಡಿಯಾರ, ವಿದ್ಯುತ್ ಮೀಟರು ಈ ಮೂರೂ ಬೇಕು. ಈ ಮೂರೂ ಈಗ ಹೆಚ್ಚು ಕಡಮೆ ಎಲ್ಲಾ ಆಲೆಮನೆಗಳಲ್ಲಿ ಇವೆ. ಇಲ್ಲದಿರುವುದು ರುಜು ಹಾಕುವ ಮೊದಲು ಅವುಗಳನ್ನು ಉಪಯೋಗಿಸುವ ಪದ್ಧತಿ ಮಾತ್ರ.

ಪೂರ್ವಕಾಲದಲ್ಲಿ ಈ ಪದ್ಧತಿಯು ಬೇಕಾಗಿರಲಿಲ್ಲ. ಮರದ ಗಾಣವನ್ನಾಗಲಿ ಕಲ್ಲಿನ ಗಾಣವನ್ನಾಗಲಿ ಮಾಡಿಕೊಟ್ಟ ಬಡಗಿಯು, ಕಲ್ಲುಕುಟಿಗನು ಅದೇ ಊರಿನಲ್ಲಿಯೋ ನೆರೆಯೂರಿನಲ್ಲಿಯೋ ಇದ್ದನು. ಗಾಣವು ಕೆಟ್ಟರೆ ಮರುದಿವಸ ಕರೆದು ಸರಿಮಾಡಿಸಬಹುದಾಗಿತ್ತು. ೧೮೭೦ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬುವರು ಎತ್ತಿನಿಂದ ನಡೆಯುವ ಕಬ್ಬಿಣದ ಉರುಳೆಗಳ ಗಾಣವನ್ನು ಬಳಕೆಗೆ ತಂದರು. ಅಲ್ಲಿಂದೀಚೆಗೆ ಗಾಣವು ದೂರದ ಕಾರ್ಖಾನೆಯಲ್ಲಿ ತಯಾರಾಗಿ ಬರುವ ವಸ್ತುವಾಯಿತು. ಈಗ ಎತ್ತುಗಳ ಸ್ಥಾನಕ್ಕೆ ವಿದ್ಯುತ್ ಮೋಟಾರು ಬಂದಿದೆ. ಮಾಡುವವನೂ ಕೊಳ್ಳುವವನೂ ಒಬ್ಬರ ಮುಖವನ್ನೊಬ್ಬರು ನೋಡುವುದು ಯಂತ್ರವು ಬಂದಿಳಿಯುವ ಎರಡು ಮೂರು ದಿವಸ ಮಾತ್ರವಾದುದರಿಂದ, ಕೇಳತಕ್ಕದ್ದನ್ನೆಲ್ಲಾ ಆ ದಿವಸಗಳಲ್ಲಿಯೇ ಕೇಳಬೇಕಾಗಿದೆ.

ರುಜುವಿಗೆ ಎಷ್ಟು ಬೆಲೆಯುಂಟೆಂಬುದನ್ನು ಕಾಯಿದೆಯ ಮಾತಿನಲ್ಲಿಯೇ ಹೇಳುವುದು ಉಚಿತ. ೧೯೩೦ನೆಯ ಇಸವಿಯ ಸರಕು ಮಾರಾಟದ ಕಾಯಿದೆಯು ಇಂದಿಗೂ ಜಾರಿಯಲ್ಲಿರುವುದು. ಮೊದಲೇ ನೋಡದ ಸರಕನ್ನು ಪರೀಕ್ಷಿಸಿ, ಅದು ಕರಾರಿಗೆ ಸರಿಯಾಗಿರುವುದೋ ಇಲ್ಲವೋ ಎಂದು ತಿಳಿಯಲು ಕೊಂಡವನಿಗೆ ತಕ್ಕ ಅವಕಾಶವು ದೊರೆಯುವ ತನಕ ಆತನು ಅದನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೆಂದೂ, ಕೇಳಿದರೆ ಆ ಅವಕಾಶವನ್ನು ಮಾರಿದವನು ಕೊಡಲೇಬೇಕೆಂದೂ ಅದರ ೪೧ನೆಯ ಕಲಮು ವಿಧಿಸುತ್ತದೆ. ಆದರೆ ಒಪ್ಪಿಗೆಯೆಂದು ತಿಳಿಸಿದರೆ, ಸರಕನ್ನು ತನ್ನ ಸ್ವಂತದ್ದೆಂಬಂತೆ ಉಪಯೋಗಿಸತೊಡಗಿದರೆ, ಅಥವಾ ಬೇಡವೆಂದು ತಿಳಿಸದೆ ಯುಕ್ತವಾದ ಕಾಲಕ್ಕಿಂತ ಹೆಚ್ಚು ದಿವಸ ಇಟ್ಟುಕೊಂಡರೆ ಅದು ಅಂಗೀಕಾರವೇ ಸರಿಯೆಂದು ೪೨ನೆಯ ಕಲಮು ಹೇಳುವುದು. ಅಂಗೀಕಾರವಾದ ಮೇಲೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಯಂತ್ರವನ್ನು ತಿರಸ್ಕರಿಸುವ ಹಕ್ಕು ಸಾಮಾನ್ಯವಾಗಿ ಹೋಗುವುದು. ಬೆಲೆಯಲ್ಲಿ ಕಡಿತವನ್ನೋ ನಷ್ಟಪರಿಹಾರವನ್ನೋ ಕೇಳುವ ಹಕ್ಕು ಮಾತ್ರ ಉಳಿಯುವುದು. ಅದಕ್ಕೂ ನಷ್ಟವು ಇಷ್ಟೆಂದು ತೋರಿಸಬೇಕು. ಅಳೆಯದೆ ಇದ್ದವನು ತೋರಿಸುವುದು ಹೇಗೆ? ಪರೀಕ್ಷೆಗೆ ಮುಂಚೆಯೇ ಸುಗ್ಗಿಯ ಕಬ್ಬನ್ನೆಲ್ಲಾ ಅರೆಯಲು ತೊಡಗುವ ಆತುರವೂ ಇದೇ ಕಾರಣದಿಂದ ಅಪಾಯಕರವು. ಇನ್ನೊಂದು ಮಾತು ಬಹುಮಂದಿಗೆ ತಿಳಿಯದು: ನ್ಯಾಯವಾಗಿ ತಿರಸ್ಕರಿಸಿದ ಯಂತ್ರವನ್ನು ಹೊತ್ತು ಹಿಂದಕ್ಕೆ ಒಪ್ಪಿಸುವ ಭಾರವು ಕೊಂಡವನದಲ್ಲ, ಬೇಡವೆಂದು ಮಾರಿದವನಿಗೆ ತಿಳಿಸಿದರೆ ಸಾಕೆಂದು ೪೩ನೆಯ ಕಲಮಿನಲ್ಲಿದೆ.

ಆದುದರಿಂದ ಪರೀಕ್ಷೆಯು ಆಲೆಮನೆಯಲ್ಲಿ ನಡೆಯುವುದಾದರೂ ಅದರ ಮೊದಲನೆಯ ಹೆಜ್ಜೆಯನ್ನು ಯಂತ್ರಕ್ಕೆ ಮುಂಗಡ ಕೊಡುವಾಗಲೇ ಇಡಬೇಕು. ವ್ಯಾಪಾರಿಗಳ ಪಟ್ಟಿಗಳಲ್ಲಿ 'ಗಂಟೆಗೆ ಒಂದು ಟನ್ನು', 'ಹೆಚ್ಚಿನ ರಸ', 'ಕಡಮೆ ವಿದ್ಯುತ್ತು' ಎಂಬ ಮಾತುಗಳಿರುತ್ತವೆ. ಇವುಗಳಲ್ಲಿ ಮೊದಲನೆಯದು ಅಳೆಯಬಹುದಾದ ಮಾತು. ಉಳಿದ ಎರಡೂ ಬರಿಯ ಹೊಗಳಿಕೆ. ಕೊಳ್ಳುವ ಕಾಗದದಲ್ಲಿ, ನೂರು ಕಿಲೋ ಕಬ್ಬಿಗೆ ಇಷ್ಟು ಕಿಲೋ ರಸ, ಗಂಟೆಗೆ ಇಷ್ಟು ಕಬ್ಬು, ಇಷ್ಟು ಅಶ್ವಶಕ್ತಿಯ ಮೋಟಾರನ್ನು ಮೀರದಂತೆ, ಎಂದು ಮೂರು ಅಂಕಿಗಳನ್ನು ಬರೆಯಿಸಿಕೊಳ್ಳತಕ್ಕದ್ದು. ಪರೀಕ್ಷೆಯು ಎಲ್ಲಿ, ಯಾರ ಕಬ್ಬಿನಿಂದ, ಯಂತ್ರವನ್ನು ನಿಲ್ಲಿಸಿದ ಎಷ್ಟು ದಿವಸಗಳೊಳಗೆ ನಡೆಯಬೇಕು; ಅಂಕಿಗಳು ಮುಟ್ಟದಿದ್ದರೆ ಎಷ್ಟು ಸಲ ಸರಿಪಡಿಸಲು ಅವಕಾಶ; ಅಷ್ಟರವರೆಗೆ ಬೆಲೆಯ ಎಷ್ಟು ಭಾಗವನ್ನು ತಡೆಹಿಡಿಯುವುದು: ಇವನ್ನೂ ಬರೆಯಿಸುವುದು ಒಳ್ಳೇದು. ತನ್ನ ಗಾಣದಲ್ಲಿ ನಂಬಿಕೆಯುಳ್ಳ ವ್ಯಾಪಾರಿಯು ಇದಕ್ಕೆ ಹಿಂಜರಿಯಲಾರನು.

ಇಲ್ಲಿ ರಸದ ಅಂಕಿಯ ವಿಷಯದಲ್ಲಿ ಒಂದು ವಿವರಣೆಯು ಅವಶ್ಯಕ. ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು ೧೨ ರಿಂದ ೧೫ ಪಾಲು ನಾರು, ಮಿಕ್ಕದ್ದೆಲ್ಲಾ ರಸವೇ. ಆಲೆಮನೆಯ ಮೂರು ಉರುಳೆಗಳ ಗಾಣವು ಇದರಲ್ಲಿ ಕಬ್ಬಿನ ತೂಕಕ್ಕೆ ನೂರಕ್ಕೆ ೫೫ ರಿಂದ ೬೫ರವರೆಗೆ ರಸವನ್ನು ಹಿಂಡಬಲ್ಲದು. ಸಕ್ಕರೆಯ ಕಾರ್ಖಾನೆಗಳಲ್ಲಿ ಇದಕ್ಕಿಂತ ಬಹಳ ಹೆಚ್ಚಾಗಿ ಹಿಂಡುವರಲ್ಲಾ ಎಂದು ಕೆಲವರು ಕೇಳುವುದುಂಟು. ಅಲ್ಲಿ ಒಂದರ ಹಿಂದೆ ಒಂದರಂತೆ ನಾಲ್ಕೈದು ಗಾಣಗಳಿದ್ದು, ನಡುವೆ ಸಿಪ್ಪೆಗೆ ನೀರೆರೆದು ಮತ್ತೆ ಮತ್ತೆ ಒತ್ತುವರು. ಆ ನೀರನ್ನೆಲ್ಲಾ ಹಬೆಯಿಂದ ಆವಿ ಮಾಡುವ ಸಾಧನಗಳೂ ಅಲ್ಲಿವೆ. ಕೊಪ್ಪರಿಗೆಯ ಕೆಳಗೆ ಸಿಪ್ಪೆಯನ್ನೇ ಉರಿಸುವ ನಮ್ಮ ಆಲೆಮನೆಗೆ ಆ ಅಂಕಿಯು ಹೊಂದದು. ಆದರೆ ಕಾರ್ಖಾನೆಗಳಿಂದ ಕಲಿಯತಕ್ಕದ್ದು ಬೇರೊಂದಿದೆ. ಅಲ್ಲಿ ಅರೆಯುವ ಕಬ್ಬನ್ನು ದಿನದಿನವೂ ತೂಗಿ, ರಸ ಸಿಪ್ಪೆಗಳ ಲೆಕ್ಕವನ್ನು ಅದಕ್ಕೆ ತಾಳೆ ನೋಡುವರು. ನಾವು ಹೊಸ ಯಂತ್ರವು ಬಂದ ಒಂದು ದಿವಸವಾದರೂ ಹಾಗೆ ಮಾಡಬಹುದು.

ಯಂತ್ರವು ಬಂದಿಳಿದೊಡನೆ ಮೋಟಾರಿನ ಫಲಕದಲ್ಲಿರುವ ಅಶ್ವಶಕ್ತಿ, ವೋಲ್ಟು, ಆಂಪಿಯರು ಮತ್ತು ಸುತ್ತುಗಳ ಅಂಕಿಗಳನ್ನು ಬರೆದುಕೊಂಡು ಕರಾರಿನೊಡನೆ ಹೋಲಿಸಬೇಕು. ಉರುಳೆಗಳಲ್ಲಿ ಬಿರುಕು, ಹಲ್ಲಿನ ಚಕ್ರಗಳಲ್ಲಿ ಒಡಕು ಇವೆಯೇ ಎಂದು ಹಗಲಿನ ಬೆಳಕಿನಲ್ಲಿ ನೋಡಬೇಕು. ಅಡಿಪಾಯದ ಕಾಂಕ್ರೀಟು ಬಲಿಯುವ ಮೊದಲೇ ಬೋಲ್ಟುಗಳನ್ನು ಬಿಗಿದು ಗಾಣವನ್ನು ನಡೆಯಿಸುವ ಅವಸರಕ್ಕೆ ಎಡೆಗೊಡಬಾರದು; ಹೀಗೆ ಮಾಡಿದಲ್ಲಿ ಯಂತ್ರವು ಮೊದಲನೆಯ ವರ್ಷವೇ ಅಲುಗಾಡತೊಡಗುವುದು. ವಿದ್ಯುತ್ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಿ, ೫೦೦ ವೋಲ್ಟಿನ ಮೆಗ್ಗರಿನಿಂದ ಮೋಟಾರಿನ ನಿರೋಧವನ್ನು ಅಳೆಯಿಸಬೇಕು; ಅದು ಒಂದು ಮೆಗಾಓಮಿಗಿಂತ ಕಡಮೆಯಿರಕೂಡದು. ರಸವೂ ನೀರೂ ಸದಾ ಚೆಲ್ಲುವ ಸ್ಥಳವಾದುದರಿಂದ, ಮೋಟಾರಿನ ಒಡಲಿಗೆ ಎರಡು ಬೇರೆ ಬೇರೆ ಭೂತಂತಿಗಳ ಜೋಡಣೆ ಇದೆಯೇ ಎಂದು ಕಣ್ಣಾರೆ ನೋಡದೆ ಮುಂದುವರಿಯಬಾರದು.

ಅನಂತರ ಉರುಳೆಗಳ ನಡುವಣ ಸಂದನ್ನು ಪರೀಕ್ಷಿಸಬೇಕು. ಗಾಣದಲ್ಲಿ ಮೇಲುರುಳೆಯೊಂದು, ಕಬ್ಬು ಒಳಹೋಗುವ ಕಡೆ ಮುಂದಿನುರುಳೆಯೊಂದು, ಸಿಪ್ಪೆ ಹೊರಬರುವ ಕಡೆ ಹಿಂದಿನುರುಳೆಯೊಂದು ಇರುವುದಷ್ಟೆ. ಹಿಂದಿನ ಸಂದು ಮುಂದಿನದಕ್ಕಿಂತ ಕಿರಿದಾಗಿರಬೇಕು. ಎರಡು ಸಂದುಗಳೂ ಉರುಳೆಯ ಉದ್ದಕ್ಕೂ ಸಮನಾಗಿರಬೇಕು. ಇದನ್ನು ತಿಳಿಯಲು ಸುಲಭವಾದ ಉಪಾಯವೊಂದುಂಟು. ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ತೆಗೆದು ಬೀಗಹಾಕಿ, ಬೆಲ್ಟನ್ನು ಕೈಯಿಂದ ಎಳೆದು ಉರುಳೆಗಳನ್ನು ತಿರುಗಿಸುತ್ತಾ, ಮೆತ್ತಗಿನ ಸೀಸದ ತಂತಿಯ ಚೂರುಗಳನ್ನು ಎಡತುದಿ, ನಡು, ಬಲತುದಿಗಳಲ್ಲಿ ಹಾಯಿಸಬೇಕು. ಚಪ್ಪಟೆಯಾಗಿ ಹೊರಬಂದ ಚೂರುಗಳ ದಪ್ಪವನ್ನು ಅಳೆದರೆ ಸಂದು ಎಷ್ಟಿದೆಯೆಂಬುದು ತಿಳಿಯುವುದು. ಮೂರೂ ಚೂರುಗಳು ಒಂದೇ ದಪ್ಪವಿದ್ದರೆ ಉರುಳೆಗಳು ಸಮಾಂತರವಾಗಿವೆ. ಒಂದು ತುದಿಯಲ್ಲಿ ದಪ್ಪವಾಗಿದ್ದರೆ ಆ ಕಡೆಯ ಕಬ್ಬು ಸರಿಯಾಗಿ ಹಿಂಡಲ್ಪಡದೆ ಹೊರಹೋಗುವುದು. ಇದನ್ನು ರಸದ ಧಾರೆ ನೋಡಿ ಯಾರೂ ಕಂಡುಹಿಡಿಯಲಾರರು.

ಇದಾದ ಮೇಲೆ ಬರಿಯ ಓಟದ ಪರೀಕ್ಷೆ. ಬೆಲ್ಟು ಹಾಕುವ ಮೊದಲೇ ಮೋಟಾರು ಸರಿಯಾದ ದಿಕ್ಕಿಗೆ ತಿರುಗುವುದೇ ಎಂದು ನೋಡಿ, ಬಳಿಕ ಕಬ್ಬಿಲ್ಲದೆ ಗಾಣವನ್ನು ಎರಡು ಗಂಟೆಯಾದರೂ ಓಡಿಸಬೇಕು. ಆಗಾಗ್ಗೆ ನಿಲ್ಲಿಸಿ ಬೇರಿಂಗುಗಳ ಕಾವನ್ನು ನೋಡತಕ್ಕದ್ದು. ಕಾವು ಮೊದಲು ಏರಿ, ಆಮೇಲೆ ಒಂದು ಮಟ್ಟದಲ್ಲಿ ನಿಲ್ಲುವುದು ಸಹಜ. ಏರುತ್ತಲೇ ಹೋದರೆ ದೋಷವುಂಟು. ಉಷ್ಣಮಾಪಕವಿಲ್ಲದಿದ್ದರೆ, ನಿಂತ ಯಂತ್ರದ ಬೇರಿಂಗಿನ ಮೇಲೆ ಕೈಯಿಟ್ಟು ನೋಡಬಹುದು. ಕೈಯನ್ನು ಕೆಲವು ಕ್ಷಣಗಳೂ ಇಡಲಾಗದಿದ್ದರೆ ಕಾವು ೬೦ ಡಿಗ್ರಿಯ ಸಮೀಪದಲ್ಲಿದೆ ಎಂದು ತಿಳಿಯಬೇಕು. ಬರಿಯ ಓಟದಲ್ಲಿಯೇ ಇಷ್ಟು ಕಾದರೆ ಭಾರದಲ್ಲಿ ಹೇಳುವುದೇನು?

ಅಪಾಯ ನಿವಾರಣೆಯ ಏರ್ಪಾಡನ್ನು ಕೆಲವರು ಯಂತ್ರದ ಪರೀಕ್ಷೆಗೆ ಸೇರಿದುದಲ್ಲವೆಂದು ಎಣಿಸುವರು. ಗಾಣವು ಕಬ್ಬಿಗೂ ಕೈಗೂ ಭೇದವನ್ನು ತಿಳಿಯದು. ರಾತ್ರಿಯೆಲ್ಲಾ ನಿದ್ದೆಗೆಟ್ಟು ಕಬ್ಬು ಕೊಡುವ ಆಳಿನ ಬೆರಳು ಜಲ್ಲೆಯೊಡನೆ ಸಿಕ್ಕಿಕೊಂಡರೆ ಉರುಳೆಗಳು ತೋಳನ್ನೇ ಎಳೆದುಕೊಳ್ಳುವುವು. ಆದುದರಿಂದ ಕಬ್ಬನ್ನು ಕೊಡುವ ದೋಣಿಯು ತೋಳಿನ ಉದ್ದಕ್ಕಿಂತಲೂ ಹೆಚ್ಚು ಉದ್ದವಾಗಿರಬೇಕು. ಬಾಯಿಯ ಮೇಲೆ ಮುಚ್ಚಳವಿರಬೇಕು. ಬೆಲ್ಟಿಗೂ ಹಲ್ಲಿನ ಚಕ್ರಗಳಿಗೂ, ಪಂಚೆಯ ಅಂಚಾಗಲಿ ಸೀರೆಯ ಸೆರಗಾಗಲಿ ಸೋಕದಂತೆ, ಪೂರ್ತಿಯಾದ ಹೊದಿಕೆಯಿರಬೇಕು. ನಿಲ್ಲಿಸುವ ಗುಂಡಿಯು ಕಬ್ಬು ಕೊಡುವವನ ಎಡಗೈಗೂ ಬಲಗೈಗೂ ಎಟುಕುವಂತಿರಬೇಕು. ಒಂದು ಕೈ ಸಿಕ್ಕಿದವನಿಗೆ ಇನ್ನೊಂದು ಕೈಯೇ ಗತಿ. ಗುಂಡಿಯನ್ನು ಒತ್ತಿದ ಮೇಲೆ ಉರುಳೆಗಳು ಎಷ್ಟು ಸೆಕೆಂಡು ತಿರುಗುತ್ತವೆ ಎಂಬುದನ್ನು ಗಡಿಯಾರ ಹಿಡಿದು ಎಣಿಸಿ ಬರೆದುಕೊಳ್ಳಬೇಕು. ಗಾಲಿಯ ಓಟದಿಂದ ಬಹಳ ಹೊತ್ತು ತಿರುಗುವ ಗಾಣಕ್ಕೆ ತಡೆಯನ್ನು ಜೋಡಿಸಿಕೊಡುವಂತೆ ಕೇಳುವುದು ನ್ಯಾಯವೇ. ಹೊದಿಕೆಗಳನ್ನು ಆಮೇಲೆ ಕಳುಹಿಸುತ್ತೇವೆಂಬ ಮಾತನ್ನು ನಂಬಿ ರುಜು ಹಾಕುವುದು ಅತ್ಯಂತ ಅವಿವೇಕವು.

ಇನ್ನು ಭಾರದ ಪರೀಕ್ಷೆಗೆ ಬರೋಣ. ಇದಕ್ಕೆ ಒಂದೇ ಹೊಲದ, ಒಂದೇ ತಳಿಯ, ಅದೇ ದಿವಸ ಕಡಿದ ಕಬ್ಬು ಬೇಕು. ಕಡಿದಿಟ್ಟ ಕಬ್ಬು ದಿನದಿನಕ್ಕೂ ಒಣಗುವುದರಿಂದ ಹಳೆಯ ಕಬ್ಬಿನಲ್ಲಿ ಪರೀಕ್ಷಿಸಿದರೆ ಗಾಣಕ್ಕೆ ಅನ್ಯಾಯವಾಗುವುದು. ಸೋಗೆ, ರವುದಿ, ಮಣ್ಣುಗಳನ್ನು ತೆಗೆದು, ದಪ್ಪ ಸಣ್ಣ ಜಲ್ಲೆಗಳು ಸಮನಾಗಿ ಬರುವಂತೆ ೫೦೦ ಕಿಲೋಗಳ ಮೂರು ರಾಶಿಗಳನ್ನು ಮಾಡಬೇಕು. ತಕ್ಕಡಿಯನ್ನು ಮುದ್ರೆಯೊತ್ತಿದ ಕಲ್ಲುಗಳಿಂದ ಮೊದಲು ಪರೀಕ್ಷಿಸುವುದನ್ನು ಮರೆಯಬಾರದು. ಬೇರೆ ಕಬ್ಬನ್ನು ಹತ್ತು ನಿಮಿಷ ಅರೆದು, ಉರುಳೆಗಳೂ ಕಾಲುವೆಯೂ ನೆನೆದ ಮೇಲೆ ತೊಟ್ಟಿಯನ್ನು ಬರಿದುಮಾಡಿ, ಮೊದಲನೆಯ ರಾಶಿಯನ್ನು ಪ್ರಾರಂಭಿಸಬೇಕು. ಮೊದಲ ಜಲ್ಲೆ ಬಾಯಿಗೆ ಹೋದಾಗ ಗಡಿಯಾರವನ್ನು ನೋಡಿ, ಕೊನೆಯ ಸಿಪ್ಪೆ ಹೊರಬಿದ್ದಾಗ ಮತ್ತೆ ನೋಡಬೇಕು. ನಡುವೆ ಗಾಣವು ಕಟ್ಟಿಕೊಂಡು ನಿಂತರೂ ಆ ಹೊತ್ತನ್ನು ಕಳೆಯಬಾರದು. ಸುಗ್ಗಿಯಲ್ಲಿಯೂ ಅದು ಕಳೆದ ಹೊತ್ತೇ.

ರಸವನ್ನು ಸೋಸಿ ತೂಗಬೇಕು. ಸೋಸಿದ ತುಣುಕುಗಳನ್ನು ಸಿಪ್ಪೆಯೊಡನೆ ಸೇರಿಸಿ ತೂಗಬೇಕು. ರಸವನ್ನು ಲೀಟರಿನಿಂದ ಅಳೆದು ಅದನ್ನೇ ಕಿಲೋ ಎಂದು ಬರೆಯುವುದು ಸಾಮಾನ್ಯವಾದ ತಪ್ಪು. ರಸವು ನೀರಿಗಿಂತ ಭಾರ. ೨೦ ಬ್ರಿಕ್ಸ್ ಇರುವ ರಸದ ೩೦೦ ಕಿಲೋ ಸುಮಾರು ೨೭೭ ಲೀಟರು ಮಾತ್ರ ಆಗುವುದು. ಈ ತಪ್ಪಿನಿಂದ ನೂರಕ್ಕೆ ೬೦ ಹಿಂಡಿದ ಗಾಣವು ೫೫ ಹಿಂಡಿದಂತೆ ತೋರುವುದು. ವ್ಯಾಪಾರಿಗೆ ಹೀಗೆ ನಷ್ಟವಾಗುವುದೂ ನಮಗೆ ಇಷ್ಟವಲ್ಲ. ರಸ ಸಿಪ್ಪೆಗಳ ತೂಕವನ್ನು ಕೂಡಿದರೆ ಕಬ್ಬಿನ ತೂಕಕ್ಕೆ ಬಹುಮಟ್ಟಿಗೆ ಸರಿಹೋಗಬೇಕು. ಹೋಗದಿದ್ದರೆ ಎಲ್ಲಿಯೋ ಸೋರಿದೆ ಅಥವಾ ತೂಗಿದ್ದು ತಪ್ಪಿದೆ. ಆ ಸಲದ ಲೆಕ್ಕವನ್ನು ಬಿಟ್ಟುಬಿಡಬೇಕು.

ವಿದ್ಯುಚ್ಛಕ್ತಿಯನ್ನು ಅಳೆಯುವುದು ಈಗ ಹಿಂದಿಗಿಂತ ಸುಲಭ. ಈಗಿನ ಮೀಟರುಗಳಲ್ಲಿ ಒಂದು ಸಣ್ಣ ಕೆಂಪು ದೀಪವು ಮಿನುಗುತ್ತಿರುವುದು. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಗಾಣವು ತುಂಬುಭಾರದಲ್ಲಿ ನಡೆಯುತ್ತಿರುವಾಗ ಒಂದು ನಿಮಿಷದ ಮಿನುಗುಗಳನ್ನು ಎಣಿಸಿ, ೬೦ರಿಂದ ಗುಣಿಸಿ, ಯೂನಿಟ್ಟಿನ ಮಿನುಗುಗಳ ಸಂಖ್ಯೆಯಿಂದ ಭಾಗಿಸಿದರೆ ಬಂದದ್ದೇ ಕಿಲೋವಾಟು. ಆ ಹೊತ್ತಿಗೆ ಬೇರೆ ದೀಪ, ಪಂಪುಗಳನ್ನು ನಿಲ್ಲಿಸಿರಬೇಕು. ವೋಲ್ಟನ್ನೂ ಆಂಪಿಯರನ್ನೂ ಅದರೊಡನೆಯೇ ಬರೆದುಕೊಳ್ಳಬೇಕು. ೪೧೫ ವೋಲ್ಟು ಇರತಕ್ಕಲ್ಲಿ ೩೬೦ ಮಾತ್ರ ಇದ್ದರೆ ಮೋಟಾರು ಕೊಡಬಲ್ಲ ಪರಮಾವಧಿಯ ತಿರುಚುಬಲವು ಮುಕ್ಕಾಲಿಗೆ ಇಳಿಯುವುದು. ಆಗ ಗಾಣವು ತಡವರಿಸಿದರೆ ತಪ್ಪು ಗಾಣದ್ದಲ್ಲ, ಲೈನಿನದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ೧೦ ಅಶ್ವಶಕ್ತಿಯ ಮೋಟಾರು, ಗಂಟೆಗೆ ಒಂದು ಟನ್ನು, ನೂರಕ್ಕೆ ೬೪ ರಸ ಎಂದು ಕರಾರಾಗಿದೆ. ಮೂರು ರಾಶಿಗಳಿಂದ ಕ್ರಮವಾಗಿ ೨೯೮, ೩೦೨ ಮತ್ತು ೩೦೦ ಕಿಲೋ ರಸ ಬಂದಿತು. ಒಟ್ಟು ೧೫೦೦ ಕಿಲೋ ಕಬ್ಬಿಗೆ ರಸ ೯೦೦ ಕಿಲೋ, ಸಿಪ್ಪೆ ೫೯೩ ಕಿಲೋ. ಲೆಕ್ಕಕ್ಕೆ ಸಿಕ್ಕದ್ದು ೭ ಕಿಲೋ ಮಾತ್ರವಾದುದರಿಂದ ತೂಕವು ನಂಬತಕ್ಕದ್ದೇ. ಹಿಡಿದ ಹೊತ್ತು ಒಟ್ಟು ೧೦೦ ನಿಮಿಷ. ಯೂನಿಟ್ಟಿಗೆ ೮೦೦ ಮಿನುಗಿನ ಮೀಟರಿನಲ್ಲಿ ನಿಮಿಷಕ್ಕೆ ೧೦೦ ಮಿನುಗು, ಎಂದರೆ ೭.೫ ಕಿಲೋವಾಟು. ರಸವು ನೂರಕ್ಕೆ ೬೦. ಕೆಲಸ ಗಂಟೆಗೆ ೯೦೦ ಕಿಲೋ. ಮೋಟಾರಿನ ಮೇಲೆ ಭಾರವು ಮಿತಿಯಲ್ಲಿಯೇ ಇದೆ.

ನೂರಕ್ಕೆ ನಾಲ್ಕು ಕಡಮೆಯಾದರೆ ಏನು ಮಹಾ ಎನ್ನಬಹುದು. ಟನ್ನಿಗೆ ೪೦ ಕಿಲೋ ರಸ. ಅದು ೨೦ ಬ್ರಿಕ್ಸಿನದಾದರೆ ಅದರಲ್ಲಿ ಕರಗಿರುವ ಪದಾರ್ಥ ೮ ಕಿಲೋ. ಕೊನೆಗೆ ಹಿಂಡಿದ ರಸವು ಸ್ವಲ್ಪ ಕೀಳಾದರೂ, ಮಡ್ಡಿಯಲ್ಲಿ ಸ್ವಲ್ಪ ಹೋದರೂ, ಟನ್ನಿಗೆ ಏಳು ಕಿಲೋ ಬೆಲ್ಲಕ್ಕೆ ಕಡಮೆಯಾಗದು. ಸುಗ್ಗಿಯಲ್ಲಿ ೩೦೦ ಟನ್ನು ಅರೆಯುವ ಆಲೆಮನೆಗೆ ಇದು ೨೧ ಕ್ವಿಂಟಾಲು ಬೆಲ್ಲ. ಇಷ್ಟೂ ಸಿಪ್ಪೆಯೊಡನೆ ಒಲೆಗೆ ಹೋಗುತ್ತದೆ. ಬೆಲ್ಲವನ್ನೇ ಸೌದೆಯಾಗಿ ಉರಿಸಿದಂತೆ. ಅದರ ಮೇಲೆ ಒದ್ದೆಯ ಸಿಪ್ಪೆ ಒಣಗಲು ಹೆಚ್ಚು ದಿವಸ ಬೇರೆ. ಸಂತೆಯ ಧಾರಣೆಯಿಂದ ಗುಣಿಸಿ, ಇದು ಗಾಣದ ಬೆಲೆಯ ಎಷ್ಟನೆಯ ಪಾಲೆಂಬುದನ್ನು ಓದುಗರೇ ನೋಡಿಕೊಳ್ಳಬಹುದು.

ಈ ಅಂಕಿಗಳನ್ನು ತೋರಿಸಿದೊಡನೆ ಮೇಸ್ತ್ರಿಯು ಸುಮ್ಮನಿರುವುದಿಲ್ಲ. ಹಿಂದಿನುರುಳೆಯ ಬೋಲ್ಟುಗಳನ್ನು ಬಿಗಿದು, ಕಬ್ಬನ್ನು ಎರಡೆರಡೇ ಜಲ್ಲೆಯಾಗಿ ನಿಧಾನವಾಗಿ ಕೊಡಿಸಿ, 'ಈಗ ತೂಗಿರಿ' ಎನ್ನುವನು. ತೂಗಿದರೆ ನಿಜವಾಗಿಯೂ ೬೪ ಬರುತ್ತದೆ. ಈ ಘಟ್ಟದಲ್ಲಿಯೇ ಬಹುಮಂದಿ ಮರುಳಾಗುವುದು. ಗಡಿಯಾರವನ್ನು ನೋಡಿದರೆ ಕೆಲಸವು ಗಂಟೆಗೆ ೭೦೦ ಕಿಲೋವಿಗೆ ಇಳಿದಿದೆ. ಮೀಟರನ್ನು ನೋಡಿದರೆ ನಿಮಿಷಕ್ಕೆ ೧೨೪ ಮಿನುಗು, ಎಂದರೆ ೯.೩ ಕಿಲೋವಾಟು. ೧೦ ಅಶ್ವಶಕ್ತಿಯ ಮೋಟಾರು ತುಂಬುಭಾರದಲ್ಲಿ ಸುಮಾರು ೮.೬ ಕಿಲೋವಾಟನ್ನು ಎಳೆಯತಕ್ಕದ್ದು. ಇದು ಅದನ್ನು ಮೀರಿದೆ. ೧೪ ಆಂಪಿಯರು ಇರತಕ್ಕ ಕಡೆ ೧೫ ಇದೆ. ಹೀಗೆ ಸುಗ್ಗಿಯೆಲ್ಲಾ ನಡೆಸಿದರೆ ಮೋಟಾರಿನ ಸುರುಳಿಯು ಸುಡುವುದು, ಬೇರಿಂಗು ಸವೆಯುವುದು. ಮೊದಲು ಟನ್ನಿಗೆ ೮.೩ ಯೂನಿಟ್ಟು ಹಿಡಿಯುತ್ತಿದ್ದುದು ಈಗ ೧೩.೩ ಹಿಡಿಯುತ್ತಿದೆ. ಬೋಲ್ಟು ಸಡಿಲಿಸಿ ಕಬ್ಬನ್ನು ರಾಶಿಯಾಗಿ ತುರುಕಿದರೆ ಗಂಟೆಗೆ ಒಂದು ಟನ್ನನ್ನೂ ತೋರಿಸಬಹುದು. ಆಗ ಸಿಪ್ಪೆಯಿಂದ ರಸವು ತೊಟ್ಟಿಕ್ಕುತ್ತಿರುವುದು. ಮೂರು ಅಂಕಿಗಳೂ ಬೇರೆ ಬೇರೆಯಾಗಿ ನಿಜವೇ; ಒಟ್ಟಿಗೆ ಯಾವುದೂ ನಿಜವಲ್ಲ. ಆದಕಾರಣ ರಸ, ಹೊತ್ತು, ವಿದ್ಯುತ್ತು ಇವುಗಳನ್ನು ಒಂದೇ ಓಟದಲ್ಲಿ, ನಡುವೆ ಒಂದು ಬೋಲ್ಟನ್ನೂ ಮುಟ್ಟದೆ, ಅಳೆಯತಕ್ಕದ್ದೆಂಬುದನ್ನು ಕರಾರಿನಲ್ಲಿಯೇ ಬರೆಯಿಸಬೇಕು. ಈ ಲೇಖನದಲ್ಲಿ ಮಿಕ್ಕದ್ದೆಲ್ಲಾ ಮರೆತರೂ ಇದೊಂದನ್ನು ಮರೆಯದಿರಬೇಕೆಂದು ಕೋರುವೆವು.

ಹಾಗಾದರೆ ಆ ಗಾಣದಲ್ಲಿ ದೋಷವೆಲ್ಲಿ? ಬಿಗಿಯುವ ಮೊದಲು ಹುಡುಕಬೇಕು. ಸೀಸದ ತಂತಿಯನ್ನು ಮತ್ತೆ ಹಾಯಿಸಿದಾಗ ಹಿಂದಿನ ಸಂದು ಒಂದು ತುದಿಯಲ್ಲಿ ೨ ಮಿಲಿಮೀಟರು, ಇನ್ನೊಂದರಲ್ಲಿ ೨.೮ ಎಂದು ಕಂಡರೆ ಕಾರಣವು ಸಿಕ್ಕಿದಂತೆಯೇ. ಪ್ರಯಾಣದ ಅಲುಗಾಟದಿಂದ ಉರುಳೆಯು ಓರೆಯಾಗಿದೆ. ಬೆಲ್ಟು ಜಾರುವುದೂ ಉಂಟು. ಉರುಳೆಯ ತುದಿಗೆ ಸೀಮೆಸುಣ್ಣದ ಗುರುತು ಹಾಕಿ ನಿಮಿಷಕ್ಕೆ ಎಷ್ಟು ಸುತ್ತೆಂದು ಬರಿಯ ಓಟದಲ್ಲಿಯೂ ಭಾರದಲ್ಲಿಯೂ ಎಣಿಸಿದರೆ, ಭಾರದಲ್ಲಿ ನೂರಕ್ಕೆ ಐದಾರಕ್ಕಿಂತ ಹೆಚ್ಚು ಕುಗ್ಗಿದ್ದಲ್ಲಿ ಅದನ್ನೇ ಸಂಶಯಿಸಬೇಕು. ಮುಂದಿನ ಉರುಳೆಯಿಂದ ಹಿಂದಿನದಕ್ಕೆ ಸಿಪ್ಪೆಯನ್ನು ದಾಟಿಸುವ ತಟ್ಟೆಯು ಎತ್ತರವಾಗಿ ಕುಳಿತಿದ್ದರೆ ಬಲವೆಲ್ಲಾ ಅದರ ಮೇಲಿನ ಉಜ್ಜಾಟಕ್ಕೇ ವ್ಯರ್ಥವಾಗುವುದು. ನಮ್ಮ ಉದಾಹರಣೆಯಲ್ಲಿ ಉರುಳೆಯನ್ನು ಸಮಾಂತರ ಮಾಡಿ ಮೂರು ರಾಶಿಗಳನ್ನು ಹೊಸದಾಗಿ ಅರೆದಾಗ ರಸವು ನೂರಕ್ಕೆ ೬೩, ಕೆಲಸವು ಗಂಟೆಗೆ ೯೩೦ ಕಿಲೋ, ಮಿನುಗು ನಿಮಿಷಕ್ಕೆ ೧೧೨, ಎಂದರೆ ೮.೪ ಕಿಲೋವಾಟು ಬಂದಿತೆನ್ನೋಣ. ಟನ್ನಿಗೆ ೯ ಯೂನಿಟ್ಟು. ಮೋಟಾರು ತನ್ನ ಮಿತಿಯೊಳಗಿದೆ.

ಕರಾರಿನ ಅಂಕಿಗಳು ಆಗಲೂ ಪೂರ್ತಿಯಾಗಿ ಮುಟ್ಟಲಿಲ್ಲವಾದುದರಿಂದ ತಿರಸ್ಕರಿಸಬೇಕೆ? ಮೂರು ರಾಶಿಗಳ ಫಲಗಳೇ ತಮ್ಮೊಳಗೆ ನೂರಕ್ಕೆ ಮುಕ್ಕಾಲಿನಷ್ಟು ಹೆಚ್ಚುಕಡಮೆ ತೋರುವಾಗ ಒಂದರ ಕೊರತೆಗಾಗಿ ವ್ಯಾಜ್ಯ ಮಾಡುವುದು ತಕ್ಕದ್ದೆಂದು ನಮಗೆ ತೋರದು. ಕೆಲಸದಲ್ಲಿ ನೂರಕ್ಕೆ ಏಳರ ಕೊರತೆಯು ಬೇರೆ ಮಾತು. ಅದಕ್ಕೆ ಬೆಲೆಯಲ್ಲಿ ಕಡಿತ ಕೇಳುವುದು ನ್ಯಾಯ. ಇಷ್ಟರವರೆಗೆ ಕೊರತೆಯನ್ನು ಸಹಿಸಬಹುದು, ಮೀರಿದರೆ ಇಷ್ಟು ಕಡಿತ, ಅದನ್ನೂ ಮೀರಿದರೆ ತಿರಸ್ಕಾರ ಎಂದು ಮೊದಲೇ ಬರೆದಿದ್ದರೆ ಜಗಳಕ್ಕೆ ಎಡೆಯಿಲ್ಲ. ಬರೆಯದೆ ಬಿಟ್ಟವರಿಗೂ ಒಂದು ದಾರಿಯುಂಟು: ತಮ್ಮ ಸ್ವಂತ ಜೀವನೋಪಾಯಕ್ಕಾಗಿಯೇ, ಸ್ವಯಂ ಉದ್ಯೋಗದಿಂದ ಗಾಣವನ್ನು ನಡೆಸುವವರು ೨೦೧೯ರ ಗ್ರಾಹಕ ಸಂರಕ್ಷಣೆಯ ಕಾಯಿದೆಯ ಮೇರೆಗೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಅಲ್ಲಿಯೂ ಮೊದಲು ಕೇಳುವುದು ಅಳತೆಯ ಕಾಗದವನ್ನೇ.

ಆ ಕಾಗದವನ್ನು ಎರಡು ಪ್ರತಿಗಳಾಗಿ ಬರೆಯಬೇಕು. ತಾರೀಖು, ಕಬ್ಬಿನ ತಳಿ, ಕಡಿದ ಹೊತ್ತು, ರಸದ ಬ್ರಿಕ್ಸ್, ಪ್ರತಿಯೊಂದು ರಾಶಿಯ ತೂಕಗಳು, ನಿಮಿಷಗಳು, ಮಿನುಗುಗಳು, ವೋಲ್ಟು, ಆಂಪಿಯರು, ಬೇರಿಂಗುಗಳ ಕಾವು, ಗುಂಡಿಯೊತ್ತಿದ ಮೇಲೆ ನಿಂತ ಸೆಕೆಂಡುಗಳು, ಇನ್ನೂ ಬರತಕ್ಕ ಸಾಮಾನುಗಳು, ಇವೆಲ್ಲವೂ ಅದರಲ್ಲಿರಬೇಕು. ಇದರ ಕೆಳಗೆ ಇಬ್ಬರೂ ರುಜು ಹಾಕಿದ ಮೇಲೆ ಬಾಕಿ ಹಣವನ್ನು ಕೊಡಬಹುದು. ಪರೀಕ್ಷೆಯ ಸೀಸದ ಚೂರುಗಳನ್ನು ಎಡ, ನಡು, ಬಲ ಎಂದು ಚೀಟಿ ಕಟ್ಟಿ ಅದೇ ಕಾಗದದೊಡನೆ ಇಟ್ಟಿರಬೇಕು. ಉರುಳೆಗಳು ಸವೆಯುವುದರಿಂದ ಮುಂದಿನ ಸುಗ್ಗಿಗೆ ಗಾಣವನ್ನು ತೊಳೆದು ಸಿದ್ಧಮಾಡುವಾಗ ಹೊಸ ಚೂರುಗಳನ್ನು ಹಾಯಿಸಿ ಹಳೆಯವುಗಳ ಪಕ್ಕದಲ್ಲಿಟ್ಟು ನೋಡಿದರೆ, ಸಂದು ಯಾವ ಕಡೆಗೆ ಎಷ್ಟು ಅಗಲವಾಗಿದೆ ಎಂಬುದು ಕಬ್ಬನ್ನು ಕಡಿಯುವ ಮೊದಲೇ ತಿಳಿಯುವುದು.